ಪರಿಸರ ವಿಜ್ಞಾನ ಸ್ನಾತಕೋತ್ತರ ವ್ಯಾಸಂಗ: ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಅಣ್ಣಿಗೇರಿ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಧಾರವಾಡ ಜಿಲ್ಲೆಯ ಗ್ರಾಮಾಂತರ ತಾಲ್ಲೂಕುಗಳಲ್ಲಿ ವಿಜ್ಞಾನ ಪದವಿ ವ್ಯಾಸಂಗ ಮಾಡುತ್ತಿರುವ ಅಥವಾ ಪೂರೈಸಿರುವ ವಿದ್ಯಾರ್ಥಿಗಳು ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಪದವಿಗೆ ಸೇರುವ ಬಗೆ, ಅದಕ್ಕೆ ಬೇಕಾದ ದಾಖಲೆಗಳು, ದೊರೆಯುವ ನೆರವು ಹಾಗೂ ವ್ಯಾಸಂಗಾನಂತರದ ಅವಕಾಶಗಳ ಕುರಿತು ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಅಂಕಗಳು ಕಡಿಮೆಯಾಗಿ ಅವಕಾಶ ಕಳೆದುಕೊಂಡವರಿಗಿಂತ, ಪದವಿಯಲ್ಲಿ ಆಯ್ದುಕೊಂಡ ವಿಷಯ ಹೊಂದದೆ ಇಲ್ಲವೇ ಪ್ರಮಾಣ ಪತ್ರ ಸಕಾಲದಲ್ಲಿ ಕೈಸೇರದೆ ಅವಕಾಶ ತಪ್ಪಿಸಿಕೊಂಡವರ ವಿಚಾರವೇ ಹೆಚ್ಚು ಖೇದಕರ. ಆದುದರಿಂದ ಈ ಎರಡು ಅಂಶಗಳನ್ನು ಇಲ್ಲಿ ವಿಸ್ತಾರವಾಗಿ ಹೇಳಲಾಗಿದೆ. ಅರ್ಜಿದಾರರೊಂದಿಗೆ ಪಾಲಕರೂ ಓದಿಕೊಳ್ಳುವುದು ಒಳಿತು.

ವಿಷಯದ ಹಿನ್ನೆಲೆ

1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಜರುಗಿದ ವಿಶ್ವಸಂಸ್ಥೆಯ ಸಮ್ಮೇಳನದ ತರುವಾಯ ನಮ್ಮ ದೇಶದಲ್ಲಿ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮ 1974ರಲ್ಲಿಯೂ, ವಾಯು ಮಾಲಿನ್ಯಕ್ಕೆ ಸಂಬಂಧಿಸಿದ ಅಧಿನಿಯಮ 1981ರಲ್ಲಿಯೂ ಜಾರಿಗೆ ಬಂದವು. 1984ರ ಡಿಸೆಂಬರ್‌ನ ಭೋಪಾಲ ಅನಿಲ ದುರಂತದ ನಂತರ ಪರಿಸರ ಸಂರಕ್ಷಣಾ ಅಧಿನಿಯಮ, 1986 ರಚನೆಯಾಯಿತು. ಈ ಕಾನೂನುಗಳನ್ನು ಕಾರ್ಯಗತಗೊಳಿಸಲು ನೀರು, ಗಾಳಿ, ಮಣ್ಣುಗಳನ್ನು ಪರೀಕ್ಷಿಸಿ ವರದಿ ಬರೆಯಬಲ್ಲವರು ಬೇಕಾದರು. ಸರ್ವೋಚ್ಚ ನ್ಯಾಯಾಲಯವು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲಿ ನೀಡಿದ ನಿರ್ದೇಶನದ ಫಲವಾಗಿ ಪರಿಸರ ಅಧ್ಯಯನವು ಎಲ್ಲ ಪದವಿ ತರಗತಿಗಳಿಗೂ ಕಡ್ಡಾಯ ಪತ್ರಿಕೆಯಾಯಿತು.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆ ಹುಟ್ಟಿಕೊಂಡಿದೆ. ಪದವಿಯಲ್ಲಿ ಎಲ್ಲರೂ ಓದುವ ಈ ಕಡ್ಡಾಯ ಪತ್ರಿಕೆಯನ್ನು ಪರಿಸರ ವಿಜ್ಞಾನವೆಂಬ ಐಚ್ಛಿಕ ವಿಷಯವೆಂದು ಭಾವಿಸಿ ಕಲಾ ಮತ್ತು ವಾಣಿಜ್ಯ ಪದವೀಧರರು ಸಹ ಎಂ.ಎಸ್ಸಿ. ಪ್ರವೇಶ ಬಯಸುವುದುಂಟು. ಅಂಕಪಟ್ಟಿಯಲ್ಲಿ ಆ ಪತ್ರಿಕೆಯ ಹೆಸರು ಇದ್ದ ಮಾತ್ರಕ್ಕೆ ಅರ್ಹತೆ ಬರುವುದಿಲ್ಲ.

ವಿದ್ಯಾರ್ಹತೆ

ಪರಿಸರ ವಿಜ್ಞಾನ ಎಂ.ಎಸ್ಸಿ. ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರ್‌ಗಳ, ಎರಡು ವರ್ಷಗಳ ವ್ಯಾಸಂಗ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಭೂವಿಜ್ಞಾನ, ಪರಿಸರ ವಿಜ್ಞಾನ ಮೊದಲಾದ ವಿಷಯಗಳನ್ನು ಐಚ್ಛಿಕವಾಗಿ ಓದಿದ ವಿಜ್ಞಾನ ಪದವೀಧರರನ್ನು ಪರಿಗಣಿಸಲಾಗುತ್ತದೆ. ಆದರೆ ಒಪ್ಪಿತ ವಿಷಯಗಳ ಪಟ್ಟಿ ಒಂದು ವಿಶ್ವವಿದ್ಯಾಲಯದಂತೆ ಮತ್ತೊಂದರಲ್ಲಿ ಇರುವುದಿಲ್ಲ. ಭೌತಶಾಸ್ತ್ರ, ಗಣಿತ, ಗಣಕವಿಜ್ಞಾನ ಸಂಯೋಜನೆಯವರು ಪಟ್ಟಿಯನ್ನು ವಿಶೇಷವಾಗಿ ಗಮನಿಸತಕ್ಕದ್ದು. ಕನಿಷ್ಠ ಅಂಕಗಳ ಶೇಕಡಾವಾರು ಪ್ರಮಾಣವನ್ನೂ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರ ಅಭ್ಯರ್ಥಿಗಳಿಗಿರುವ ರಿಯಾಯಿತಿಯನ್ನೂ ಆಯಾ ಅಧಿಸೂಚನೆಯಲ್ಲಿ ನಮೂದಿಸಲಾಗಿರುತ್ತದೆ.

ಬಿ.ಎಸ್ಸಿ. ಪ್ರಥಮ ವರ್ಷಕ್ಕೆ ಸೇರುವ ವಿದ್ಯಾರ್ಥಿಗಳು ಈ ವಿಷಯದಲ್ಲಿ ಮುಂದುವರಿಯುವ ಇಚ್ಛೆ ಉಳ್ಳವರಾದಲ್ಲಿ ರಸಾಯನಶಾಸ್ತ್ರವನ್ನು ಬಿಡದಿರುವುದು ಲೇಸು. ಎಂ.ಎಸ್ಸಿ.ಯ ನೀರು ಮತ್ತು ಮಣ್ಣಿನ ವಿಶ್ಲೇಷಣೆಯ ಪತ್ರಿಕೆಗಳೆಲ್ಲ ಅದರ ಮೇಲೆಯೇ ನಿಂತಿವೆ. 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ ಪದವಿಗೆ ಸೇರಿದವರು ಎರಡು ಪ್ರಧಾನ ವಿಷಯಗಳನ್ನು ಓದಿರುತ್ತಾರೆ. 2024-25ರಿಂದ ರಾಜ್ಯವು ಮೂರು ವರ್ಷಗಳ ಪದವಿ ಹಾಗೂ ಮೂರು ಪ್ರಧಾನ ವಿಷಯಗಳ ಕ್ರಮಕ್ಕೆ ಮರಳಿದೆ. ಮೊದಲಿನ ಕ್ರಮದಲ್ಲಿ ಓದಿದವರು ತಮ್ಮ ಎರಡು ವಿಷಯಗಳಲ್ಲಿ ಒಂದಾದರೂ ಪಟ್ಟಿಯಲ್ಲಿದೆಯೇ ಎಂಬುದನ್ನು ಶುಲ್ಕ ಪಾವತಿಸುವ ಮುನ್ನವೇ ಖಚಿತಪಡಿಸಿಕೊಳ್ಳತಕ್ಕದ್ದು.

ವ್ಯಾಸಂಗ ಕೇಂದ್ರಗಳು

ಜಿಲ್ಲೆಯ ಪದವಿ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಒಳಪಟ್ಟಿವೆ. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಸ್ಥಳಾಂತರಗೊಂಡ ಈ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಮತ್ತು ಭೂವಿಜ್ಞಾನ ಸ್ನಾತಕೋತ್ತರ ವಿಭಾಗಗಳಿವೆ. ಮನೆಯಿಂದ ದೂರ ಹೋಗಲಾಗದವರು ಈ ವಿಭಾಗಗಳಲ್ಲಿ ಒಂದಕ್ಕೆ ಸೇರಿ, ಪರಿಸರಕ್ಕೆ ಸಂಬಂಧಿಸಿದ ವಿಷಯದ ಮೇಲೆ ಕಿರುಸಂಶೋಧನೆ ಕೈಗೊಳ್ಳಬಹುದು. ಪರಿಸರ ವಿಜ್ಞಾನ ಎಂಬ ಹೆಸರಿನಲ್ಲೇ ಪದವಿ ಬೇಕಾದವರು ವಿಶ್ವವಿದ್ಯಾಲಯದ ಆ ವರ್ಷದ ಪ್ರವೇಶ ಅಧಿಸೂಚನೆಯ ಕೋರ್ಸುಗಳ ಪಟ್ಟಿಯನ್ನು ಮೊದಲು ನೋಡಿ, ನಂತರ ಹೊರಗಿನ ವಿಶ್ವವಿದ್ಯಾಲಯಗಳ ಕಡೆ ಗಮನ ಹರಿಸುವುದು ಸೂಕ್ತ.

ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ, ಮಾನಸಗಂಗೋತ್ರಿಯ ಮೈಸೂರು ವಿಶ್ವವಿದ್ಯಾಲಯ ಹಾಗೂ ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ಪ್ರತ್ಯೇಕ ಸ್ನಾತಕೋತ್ತರ ವಿಭಾಗಗಳಿವೆ. ಬೇರೆ ವಿಶ್ವವಿದ್ಯಾಲಯದ ಪದವೀಧರರಿಗೆ ಮೀಸಲಿರುವ ಸ್ಥಾನಗಳು ಸಾಮಾನ್ಯವಾಗಿ ಸೀಮಿತ. ಅಲ್ಲದೆ ಕರ್ನಾಟಕ ವಿಶ್ವವಿದ್ಯಾಲಯದಿಂದ ವಲಸೆ ಪ್ರಮಾಣ ಪತ್ರ ಪಡೆಯಬೇಕಾಗುತ್ತದೆ. ಅಂತಿಮ ಸೆಮಿಸ್ಟರ್ ಫಲಿತಾಂಶ ತಡವಾದ ವರ್ಷಗಳಲ್ಲಿ ಇದು ತೊಡಕಾಗುವುದರಿಂದ, ಫಲಿತಾಂಶ ಬಂದ ವಾರದಲ್ಲಿಯೇ ಅರ್ಜಿ ಸಲ್ಲಿಸತಕ್ಕದ್ದು.

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಮೊದಲಾದ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆ ಇದೆ. ಇದರ ಅರ್ಜಿ ಸಲ್ಲಿಕೆ ಪದವಿಯ ಅಂತಿಮ ಪರೀಕ್ಷೆಗಿಂತ ಮುಂಚೆಯೇ ಮುಗಿದಿರುತ್ತದೆ. ಫಲಿತಾಂಶಕ್ಕಾಗಿ ಕಾಯುತ್ತ ಕುಳಿತವರಿಗೆ ಆ ವರ್ಷದ ಅವಕಾಶ ಇರುವುದಿಲ್ಲ. ಉದ್ಯೋಗದಲ್ಲಿದ್ದು ಓದಬಯಸುವವರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಅಥವಾ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಕೋರ್ಸುಗಳನ್ನು ಪರಿಶೀಲಿಸಬಹುದು. ದೂರಶಿಕ್ಷಣವಾದರೂ ಪ್ರಯೋಗಾಲಯದ ಹಾಜರಾತಿ ಎಲ್ಲಿ, ಎಷ್ಟು ದಿನ ಎಂಬುದನ್ನು ಕೇಳಿ ತಿಳಿದುಕೊಳ್ಳತಕ್ಕದ್ದು.

ದಾಖಲೆಗಳು ಮತ್ತು ಪ್ರಮಾಣ ಪತ್ರಗಳು

ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳನ್ನು ನಾಡಕಚೇರಿಯ ಮೂಲಕ ಪಡೆಯಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ, ಪ್ರವರ್ಗ 2ಎ, 2ಬಿ, 3ಎ, 3ಬಿಗಳಿಗೆ ನಮೂನೆ-ಎಫ್ ಅನ್ವಯಿಸುತ್ತದೆ. ನಮೂನೆ-ಎಫ್‌ನಲ್ಲಿ ನೀಡುವ ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಅವಧಿ 5 ವರ್ಷ. ಪಿ.ಯು.ಸಿ. ಪ್ರವೇಶದ ಕಾಲಕ್ಕೆ ಮಾಡಿಸಿದ ಪತ್ರವು ಎಂ.ಎಸ್ಸಿ. ಪ್ರವೇಶದ ಹೊತ್ತಿಗೆ ಸರಿಯಾಗಿ ಅವಧಿ ಮುಗಿಯುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದವರು ವಿರಳ. ಪಿ.ಯು.ಸಿ. ಎರಡು ವರ್ಷ, ಪದವಿ ಮೂರು ವರ್ಷ. ಅಲ್ಲಿಗೆ ಐದು ಆಯಿತು. ಆದಕಾರಣ ಪದವಿಯ ಅಂತಿಮ ಸೆಮಿಸ್ಟರ್‌ನಲ್ಲಿಯೇ ಹೊಸ ಪತ್ರಕ್ಕೆ ಅರ್ಜಿ ಸಲ್ಲಿಸುವುದು. ಅರ್ಜಿ ಸಲ್ಲಿಸಿದಾಗ ಸಕಾಲ ಅಧಿನಿಯಮ, 2011ರ ಅನ್ವಯ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯತಕ್ಕದ್ದು. ನಿಗದಿತ ಅವಧಿಯಲ್ಲಿ ಪತ್ರ ದೊರೆಯದಿದ್ದಲ್ಲಿ ಮೇಲ್ಮನವಿಗೆ ಆ ಸಂಖ್ಯೆಯೇ ಆಧಾರ.

ಗ್ರಾಮೀಣ ವ್ಯಾಸಂಗ ಪ್ರಮಾಣ ಪತ್ರದ ಬಗ್ಗೆ ಹೆಚ್ಚಿನ ಎಚ್ಚರ ಅಗತ್ಯ. 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರುವುದಕ್ಕೆ ಮುಖ್ಯೋಪಾಧ್ಯಾಯರು ನೀಡಿ, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುರುಜು ಮಾಡುವ ಪತ್ರ ಇದು. ವಿಶ್ವವಿದ್ಯಾಲಯದ ಅಧಿಸೂಚನೆಯಲ್ಲಿ ಈ ಸೌಲಭ್ಯ ಇದ್ದಲ್ಲಿ ಪ್ರವೇಶಕ್ಕೂ, ತದನಂತರ ಸರ್ಕಾರಿ ನೇಮಕಾತಿಯಲ್ಲಿನ ಗ್ರಾಮೀಣ ಮೀಸಲಾತಿಗೂ ಇದು ಬೇಕಾಗುತ್ತದೆ. ನವಲಗುಂದ ಮತ್ತು ಅಣ್ಣಿಗೇರಿ ಪುರಸಭೆಗಳು. ಕುಂದಗೋಳ ಮತ್ತು ಕಲಘಟಗಿ ಪಟ್ಟಣ ಪಂಚಾಯತಿಗಳು. ನಿಯಮದಲ್ಲಿ ಇವು ಗ್ರಾಮೀಣ ಪ್ರದೇಶಗಳಲ್ಲ. ಆದುದರಿಂದ ಹಳ್ಳಿಯಲ್ಲಿ ಏಳನೆಯ ತರಗತಿಯವರೆಗೆ ಓದಿ, ಊರಿನಲ್ಲಿ ಪ್ರೌಢಶಾಲೆ ಇಲ್ಲದ ಕಾರಣ ದಿನಾಲೂ ಬಸ್ಸಿನಲ್ಲಿ ತಾಲ್ಲೂಕು ಸ್ಥಳಕ್ಕೆ ಹೋಗಿ ಹತ್ತನೆಯ ತರಗತಿ ಮುಗಿಸಿದ ವಿದ್ಯಾರ್ಥಿಗೆ ಈ ಪತ್ರ ದೊರೆಯುವುದಿಲ್ಲ. ಮನೆ ಹಳ್ಳಿಯಲ್ಲಿದೆ, ಪಡಿತರ ಚೀಟಿ ಹಳ್ಳಿಯದ್ದಿದೆ ಎಂಬುದು ಇಲ್ಲಿ ಪರಿಗಣನೆಗೆ ಬರುವುದಿಲ್ಲ. ಶಾಲೆ ಇದ್ದ ಸ್ಥಳವೇ ಮುಖ್ಯ. ಇದು ಹಲವರಿಗೆ ಕಠಿಣವೆನಿಸುವ ನಿಯಮವೇ ಸರಿ. ಆದರೂ ತಪ್ಪು ವಿವರ ನೀಡಿ ಪತ್ರ ಪಡೆದಲ್ಲಿ ಮುಂದೆ ನೇಮಕಾತಿಯ ದಾಖಲಾತಿ ಪರಿಶೀಲನೆಯಲ್ಲಿ ಅಭ್ಯರ್ಥಿತನವೇ ರದ್ದಾಗುವ ಸಂಭವವಿರುತ್ತದೆ.

ಕನ್ನಡ ಮಾಧ್ಯಮ ವ್ಯಾಸಂಗದ ಪತ್ರವು ಬೇರೆಯೇ ಆದದ್ದು. ತಾಲ್ಲೂಕು ಪಟ್ಟಣದಲ್ಲಿ ಓದಿದವರಿಗೂ ಅದು ದೊರೆಯುತ್ತದೆಯಾದ್ದರಿಂದ ಅದನ್ನು ತಪ್ಪದೆ ಪಡೆದಿಟ್ಟುಕೊಳ್ಳುವುದು. ಕಲ್ಯಾಣ ಕರ್ನಾಟಕ ಪ್ರದೇಶಕ್ಕೆ ಸಂವಿಧಾನದ 371ಜೆ ವಿಧಿಯನ್ವಯ ಇರುವ ಮೀಸಲಾತಿ ಧಾರವಾಡ ಜಿಲ್ಲೆಗೆ ಅನ್ವಯಿಸುವುದಿಲ್ಲ.

ಹೆಸರಿನ ವ್ಯತ್ಯಾಸ ಇನ್ನೊಂದು ತೊಡಕು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಬ್ಯಾಂಕ್ ಪುಸ್ತಕದಲ್ಲಿ ಇಲ್ಲವೇ ಇಲ್ಲ ಎಂಬಂತಿದ್ದರೆ ವಿದ್ಯಾರ್ಥಿವೇತನದ ಅರ್ಜಿ ಮುಂದೆ ಸಾಗುವುದಿಲ್ಲ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ತಿದ್ದಿಸಿಕೊಳ್ಳತಕ್ಕದ್ದು.

ವಿದ್ಯಾರ್ಥಿವೇತನ, ವಸತಿ ಮತ್ತು ಪ್ರಯಾಣ

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮತ್ತು ಶುಲ್ಕ ಮರುಪಾವತಿಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ ಒಂದೇ ಅರ್ಜಿ ಸಲ್ಲಿಸಬೇಕು. ಪ್ರಮಾಣ ಪತ್ರಗಳ ಮೇಲಿರುವ ಆರ್.ಡಿ. ಸಂಖ್ಯೆಯನ್ನು ಅಲ್ಲಿ ನಮೂದಿಸಬೇಕಾಗುತ್ತದೆ. ಆದಾಯ ಮಿತಿ ಪ್ರವರ್ಗವಾರು ಬೇರೆಯಾಗಿದೆ. ಹಣ ನೇರವಾಗಿ ವಿದ್ಯಾರ್ಥಿಯ ಖಾತೆಗೆ ಜಮೆಯಾಗುವುದರಿಂದ ಖಾತೆಗೆ ಆಧಾರ್ ಜೋಡಣೆ ಕಡ್ಡಾಯ.

ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಲ್ಲಿ ಪ್ರವೇಶ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆ ಇದೆ. 2013-14ರಲ್ಲಿ ಆರಂಭವಾದಾಗ ಇದರ ಮೊತ್ತ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಎಂದು ನಿಗದಿಯಾಗಿತ್ತು. ಸರ್ಕಾರಿ ವಿದ್ಯಾರ್ಥಿನಿಲಯ ಮತ್ತು ವಿದ್ಯಾಸಿರಿ ಎರಡನ್ನೂ ಒಟ್ಟಿಗೆ ಪಡೆಯಲು ಅವಕಾಶವಿಲ್ಲ. ರೈತರ ಮಕ್ಕಳಿಗಾಗಿ 2021ರಲ್ಲಿ ಪ್ರಕಟವಾದ ರೈತ ವಿದ್ಯಾನಿಧಿ ಯೋಜನೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವಾರ್ಷಿಕ 10,000 ರೂಪಾಯಿ, ವಿದ್ಯಾರ್ಥಿನಿಯರಿಗೆ 11,000 ರೂಪಾಯಿ ನಿಗದಿಪಡಿಸಲಾಗಿತ್ತು. ಜಮೀನಿನ ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿಯೇ ಇರುವ ಕುಟುಂಬಗಳು ಪೌತಿ ಖಾತೆ ಬದಲಾವಣೆ ಮಾಡಿಸಿಕೊಳ್ಳದ ಹೊರತು ಇಂತಹ ನೆರವು ಕೈತಪ್ಪುತ್ತದೆ. ಎರಡೂ ಯೋಜನೆಗಳ ಪ್ರಸಕ್ತ ಸಾಲಿನ ಆದೇಶವನ್ನು ನೋಡಿ ಅರ್ಜಿ ಸಲ್ಲಿಸತಕ್ಕದ್ದು.

ಧಾರವಾಡದಲ್ಲಿ ಓದುವವರು ಹುಬ್ಬಳ್ಳಿಯ ಮಾರ್ಗವಾಗಿ ನಿತ್ಯ ಓಡಾಡುವುದು ಸಾಧ್ಯ. ಅಣ್ಣಿಗೇರಿ ಮತ್ತು ಕುಂದಗೋಳಕ್ಕೆ ರೈಲು ಸಂಪರ್ಕವೂ ಇದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ವಿದ್ಯಾರ್ಥಿನಿಯರಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ವಿದ್ಯಾರ್ಥಿಗಳು ರಿಯಾಯಿತಿ ಪಾಸು ಪಡೆಯಬಹುದು. ಆದರೆ ಪ್ರಯೋಗಾಲಯದ ತರಗತಿಗಳು ಸಂಜೆಯವರೆಗೂ ನಡೆಯುತ್ತವೆ. ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ನೋಡಿಕೊಂಡೇ ವಸತಿಯ ಬಗ್ಗೆ ತೀರ್ಮಾನಿಸುವುದು ವಾಸಿ.

ಪಠ್ಯಕ್ರಮ ಮತ್ತು ನಮ್ಮ ತಾಲ್ಲೂಕುಗಳು

ಪರಿಸರ ರಸಾಯನಶಾಸ್ತ್ರ, ಪರಿಸರ ವ್ಯವಸ್ಥೆಗಳು, ಜಲ ಹಾಗೂ ವಾಯು ಮಾಲಿನ್ಯ, ಘನತ್ಯಾಜ್ಯ ನಿರ್ವಹಣೆ, ಸಂಖ್ಯಾಶಾಸ್ತ್ರ, ದೂರಸಂವೇದಿ ತಂತ್ರ, ಪರಿಸರ ಕಾನೂನು ಮತ್ತು ಪರಿಸರ ಪರಿಣಾಮ ಅಂದಾಜು ಇವು ಮುಖ್ಯ ಪತ್ರಿಕೆಗಳು. ಬೋಧನೆ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರ್ ಭಾರವೆನಿಸುವುದು ಸಹಜ. ಆದರೆ ಈ ವಿಷಯದಲ್ಲಿ ಹಳ್ಳಿಯ ವಿದ್ಯಾರ್ಥಿಗೆ ಒಂದು ಅನುಕೂಲವೂ ಇದೆ: ಪಠ್ಯದ ಬಹುಭಾಗವನ್ನು ಆತ ಬೇರೆ ಹೆಸರಿನಿಂದ ಈಗಾಗಲೇ ಬಲ್ಲ.

ನವಲಗುಂದದ ರೈತರು ಸವಳು-ಜವಳು ಎಂದು ಕರೆಯುವ ಭೂಮಿಯನ್ನೇ ತೆಗೆದುಕೊಳ್ಳೋಣ. ಮಲಪ್ರಭೆಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ 1970ರ ದಶಕದಲ್ಲಿ ಕಾಲುವೆ ನೀರು ಈ ಎರೆಭೂಮಿಗೆ ಬಂದಿತು. ನೀರು ಬೇಗ ಬಸಿಯದ ಮಣ್ಣಿಗೆ ಅಳತೆ ಮೀರಿ ನೀರು ಹಾಯಿಸಿದಲ್ಲಿ ಅಂತರ್ಜಲ ಮೇಲೇರುತ್ತದೆ. ಆವಿಯಾಗುವಾಗ ಲವಣವನ್ನು ಮೇಲ್ಮಣ್ಣಿನಲ್ಲಿ ಬಿಟ್ಟು ಹೋಗುತ್ತದೆ. ಬೇಸಿಗೆಯಲ್ಲಿ ಹೊಲದ ಮೇಲೆ ಕಾಣುವ ಬಿಳಿಯ ಪದರು ಇದೇ. ಮಣ್ಣಿನ ದ್ರಾವಣದ ವಿದ್ಯುದ್ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ಮೀರಿದರೆ ಅದನ್ನು ಲವಣಯುಕ್ತ ಮಣ್ಣು ಎನ್ನುತ್ತಾರೆ. ವಿನಿಮಯಗೊಳ್ಳುವ ಸೋಡಿಯಂ ಶೇಕಡಾ 15 ಮೀರಿ, ರಸಸಾರ 8.5ಕ್ಕಿಂತ ಹೆಚ್ಚಾದರೆ ಅದು ಕ್ಷಾರ ಮಣ್ಣು. ಎರಡಕ್ಕೂ ಪರಿಹಾರ ಒಂದೇ ಅಲ್ಲ. ಮೊದಲನೆಯದಕ್ಕೆ ಬಸಿಗಾಲುವೆ ಮತ್ತು ಒಳ್ಳೆಯ ನೀರು ಸಾಕಾಗಬಹುದು, ಎರಡನೆಯದಕ್ಕೆ ಜಿಪ್ಸಂ ಬೇಕು. ಪರೀಕ್ಷೆ ಮಾಡಿಸದೆ ಜಿಪ್ಸಂ ಹಾಕಿದ ಹಣ ವ್ಯರ್ಥವಾಗುವ ಸಾಧ್ಯತೆ ಇದೆ.

ಕುಡಿಯುವ ನೀರಿನದೂ ಇದೇ ರೀತಿ. ನವಲಗುಂದ, ಅಣ್ಣಿಗೇರಿ ಭಾಗದ ಅನೇಕ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರು ಉಪ್ಪಾಗಿದ್ದು, ಕಾಲುವೆಯಿಂದ ತುಂಬಿಸಿದ ಕೆರೆಯ ನೀರನ್ನೇ ಅವಲಂಬಿಸಬೇಕಾಗಿದೆ. ಭಾರತೀಯ ಮಾನಕ ಐ.ಎಸ್. 10500:2012ರ ಪ್ರಕಾರ ಕರಗಿದ ಘನವಸ್ತುಗಳ ಅಪೇಕ್ಷಣೀಯ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದಲ್ಲಿ 2,000ದವರೆಗೆ ಅನುಮತಿ. ಫ್ಲೋರೈಡ್‌ಗೆ ಈ ಮಿತಿಗಳು 1.0 ಮತ್ತು 1.5, ನೈಟ್ರೇಟ್‌ಗೆ 45, ಅದಕ್ಕೆ ಸಡಿಲಿಕೆ ಇಲ್ಲ. ತನ್ನ ಊರಿನ ಕೆರೆ, ಕೊಳವೆಬಾವಿ ಮತ್ತು ಶುದ್ಧ ನೀರಿನ ಘಟಕದ ನೀರನ್ನು ಒಂದು ವರ್ಷ ಪ್ರತಿ ತಿಂಗಳು ಪರೀಕ್ಷಿಸಿ ದಾಖಲಿಸಿದ ವಿದ್ಯಾರ್ಥಿಯ ಕಿರುಪ್ರಬಂಧವು ಗ್ರಾಮ ಪಂಚಾಯತಿಗೂ ಉಪಯೋಗಕ್ಕೆ ಬರುವಂತಹುದು.

ಬೆಣ್ಣಿಹಳ್ಳದ ನೆರೆಯೂ ಅಧ್ಯಯನಕ್ಕೆ ಯೋಗ್ಯ ವಿಷಯ. ಹೂಳು, ಒತ್ತುವರಿ, ಜಾಲಿಕಂಟಿ ಹಾಗೂ ಬೀಳುವ ಮಳೆ ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದನ್ನು ಉಪಗ್ರಹ ಚಿತ್ರ ಹಾಗೂ ಸ್ಥಳ ಅಳತೆಯಿಂದ ಬಿಡಿಸಿ ನೋಡಬಹುದು. ಕುಂದಗೋಳದಲ್ಲಿ ಮೆಣಸಿನಕಾಯಿ ಬೆಳೆಗೆ ಸಿಂಪಡಿಸುವ ಔಷಧಿಯ ಉಳಿಕೆ ಇದೆ. ಕಲಘಟಗಿ ಮಲೆನಾಡಿನ ಸೆರಗು. ಬೇಡ್ತಿ ನದಿ, ಹುಬ್ಬಳ್ಳಿಗೆ ನೀರೊದಗಿಸಲು ಕಟ್ಟಿದ ನೀರಸಾಗರ ಜಲಾಶಯ ಮತ್ತು ಕಾಡಂಚಿನ ಹೊಲಗಳು ಅಲ್ಲಿವೆ. ಹಕ್ಕಿಗಳಲ್ಲಿ ಆಸಕ್ತಿ ಇದ್ದವರಿಗೆ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆ ಇದ್ದು, ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುವ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ.

ಕಾನೂನಿನ ಪತ್ರಿಕೆಯೂ ಇಲ್ಲಿಯವರಿಗೆ ದೂರದ್ದಲ್ಲ. ಮಹದಾಯಿ ಜಲವಿವಾದ ನ್ಯಾಯಾಧಿಕರಣವು 2018ರ ಆಗಸ್ಟ್ 14ರಂದು ನೀಡಿದ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಹಂಚಿಕೆಯಾಗಿದ್ದು, ಅದರಲ್ಲಿ ಕಳಸಾ-ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಟಿ.ಎಂ.ಸಿ. ತೀರ್ಪು ಬಂದ ನಂತರವೂ ಅರಣ್ಯ, ವನ್ಯಜೀವಿ ಅನುಮತಿಗಳು ಏಕೆ ಬೇಕು, ಅವನ್ನು ಯಾರು, ಯಾವ ಆಧಾರದ ಮೇಲೆ ಪರಿಶೀಲಿಸುತ್ತಾರೆ ಎಂಬುದನ್ನು ನವಲಗುಂದದ ಪ್ರತಿ ಮನೆಯಲ್ಲೂ ಕೇಳುತ್ತಾರೆ. ಉತ್ತರ ಈ ಪತ್ರಿಕೆಯಲ್ಲಿದೆ. ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಗೋಮಾಳದ ನೀಲಗಿರಿ ಸಸಿಗಳನ್ನು ಕಿತ್ತು ಬೇರೆ ಸಸಿ ನೆಟ್ಟ ಸತ್ಯಾಗ್ರಹವೂ ಪರಿಸರ ಚರಿತ್ರೆಯ ಅಧ್ಯಾಯವೇ ಆಗಿದೆ.

ಕಿರುಸಂಶೋಧನೆಗೆ ನೆರವು ಬಯಸುವವರು ತಮ್ಮ ವಿಭಾಗದ ಮುಖ್ಯಸ್ಥರ ಪತ್ರದೊಂದಿಗೆ ಧಾರವಾಡದ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯನ್ನು ಅಥವಾ 1986ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾಲಯವನ್ನು ಸಂಪರ್ಕಿಸಬಹುದು.

ವ್ಯಾಸಂಗಾನಂತರದ ಅವಕಾಶಗಳು

ಈ ಪದವಿ ಯಾವ ಹುದ್ದೆಗೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂಬುದನ್ನು ಸೇರುವ ಮುನ್ನವೇ ತಿಳಿಯುವುದು ಅವಶ್ಯ. ವಿಶ್ವವಿದ್ಯಾಲಯ ಅನುದಾನ ಆಯೋಗದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿಯೂ ರಾಜ್ಯದ ಕೆ-ಸೆಟ್ ಪರೀಕ್ಷೆಯಲ್ಲಿಯೂ ಪರಿಸರ ವಿಜ್ಞಾನ ಪ್ರತ್ಯೇಕ ವಿಷಯವಾಗಿದೆ. ಕಿರಿಯ ಸಂಶೋಧನಾ ಶಿಷ್ಯವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. 2021ರಿಂದ ಗೇಟ್ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನ ಮತ್ತು ಇಂಜಿನಿಯರಿಂಗ್ ಪತ್ರಿಕೆ ಸೇರಿದೆ.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಹುದ್ದೆವಾರು ವಿದ್ಯಾರ್ಹತೆ ಬೇರೆ ಬೇರೆ. ಇಂಜಿನಿಯರಿಂಗ್ ಪದವಿಯನ್ನೇ ಕೇಳುವ ಹುದ್ದೆಗೆ ಎಂ.ಎಸ್ಸಿ. ಸಮಾನವಾಗುವುದಿಲ್ಲವಾದ್ದರಿಂದ ಪ್ರತಿ ಹುದ್ದೆಯ ಅರ್ಹತೆಯನ್ನು ಪ್ರತ್ಯೇಕವಾಗಿ ಓದಿಕೊಳ್ಳತಕ್ಕದ್ದು. ಭಾರತೀಯ ಅರಣ್ಯ ಸೇವಾ ಪರೀಕ್ಷೆಯ ಅರ್ಹತಾ ವಿಷಯಗಳಲ್ಲಿ ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನ, ಕೃಷಿ, ಅರಣ್ಯಶಾಸ್ತ್ರ ಮೊದಲಾದವು ಇವೆ. ಪರಿಸರ ವಿಜ್ಞಾನ ಇಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಬಿ.ಎಸ್ಸಿ.ಯ ವಿಷಯ. ಪದವಿಪೂರ್ವ ಕಾಲೇಜಿನ ವಿಜ್ಞಾನ ವಿಭಾಗದಲ್ಲಿಯೂ ಇದು ಐಚ್ಛಿಕ ವಿಷಯವಲ್ಲ. ಊರಿನ ಸಮೀಪ ಉಪನ್ಯಾಸಕ ವೃತ್ತಿಯನ್ನೇ ಬಯಸುವವರು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಅಥವಾ ರಸಾಯನಶಾಸ್ತ್ರದ ಎಂ.ಎಸ್ಸಿ. ಆಯ್ದುಕೊಳ್ಳುವುದು ಹೆಚ್ಚು ಕ್ಷೇಮಕರ.

ಖಾಸಗಿ ವಲಯದಲ್ಲಿ ಮಾನ್ಯತೆ ಪಡೆದ ಪ್ರಯೋಗಾಲಯಗಳು, ಕಾರ್ಖಾನೆಗಳ ತ್ಯಾಜ್ಯನೀರು ಶುದ್ಧೀಕರಣ ಘಟಕಗಳು ಹಾಗೂ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯನ್ವಯ ಪರಿಣಾಮ ಅಂದಾಜು ವರದಿ ಸಿದ್ಧಪಡಿಸುವ ಸಲಹಾ ಸಂಸ್ಥೆಗಳಲ್ಲಿ ಕೆಲಸಗಳಿವೆ. ಉಪಕರಣಗಳನ್ನು ಸ್ವತಃ ನಿರ್ವಹಿಸಿದ ಅನುಭವ ಉಳ್ಳವರಿಗೆ ಆದ್ಯತೆ ಇರುತ್ತದೆ.

ಅರ್ಜಿದಾರರಿಗೆ ಸೂಚನೆ

ಪ್ರವೇಶ ಸಂದರ್ಶನಕ್ಕೆ ಮೂಲ ದಾಖಲೆಗಳನ್ನು ಹಾಜರುಪಡಿಸುವ ಮುನ್ನ ಪ್ರತಿಯೊಂದರ ಮೂರು ನಕಲುಗಳನ್ನು ತೆಗೆದಿಟ್ಟುಕೊಳ್ಳತಕ್ಕದ್ದು. ಮೂಲ ದಾಖಲೆಗಳನ್ನು ಕಾಲೇಜಿನಲ್ಲಿ ಒಪ್ಪಿಸಿದಲ್ಲಿ ಸ್ವೀಕೃತಿ ಪತ್ರ ಪಡೆಯತಕ್ಕದ್ದು. ವಿದ್ಯಾರ್ಥಿನಿಲಯದ ಅರ್ಜಿಗೆ ಅದೇ ವಾರದಲ್ಲಿ ಅವು ಮತ್ತೆ ಬೇಕಾಗಬಹುದು. ಅರ್ಜಿ ಶುಲ್ಕ ಪಾವತಿಸಿದ ರಸೀದಿಯನ್ನು ಪ್ರವೇಶ ಪ್ರಕ್ರಿಯೆ ಮುಗಿಯುವವರೆಗೆ ಕಾಯ್ದಿರಿಸಿಕೊಳ್ಳುವುದು.